ಗಾಳಿ ಅಂಗಡಿಗೊಂದು ಊದುಬತ್ತಿ

ಹೊರಡುವ ಮುಂಚೆ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕೂತರೆ ಸಮುದ್ರ, ಬಲಗಡೆ ಕೂತರೆ ಹೊಳೆ. ಮರವಂತೆ ಬಂತೆಂದರೆ ಯಾವ ಕಡೆ ನೋಡುವುದೆಂದು ತಿಳಿಯದೆ ಹೊಸಬರು ಕತ್ತು ನೋಯಿಸಿಕೊಳ್ಳುತ್ತಾರೆ. ನಾನು ಹುಟ್ಟಿದ್ದೇ ಆ ಎರಡು ನೀರಿನ ನಡುವೆ. ಆದರೂ ಅರವತ್ತು ದಾಟುವವರೆಗೆ ಮೊಣಕಾಲಿನಿಂದ ಮೇಲೆ ಸೀರೆ ಒದ್ದೆ ಮಾಡಿಕೊಂಡವಳಲ್ಲ. ನಮ್ಮಲ್ಲಿ ಸಮುದ್ರಕ್ಕೆ ಹೋಗುವುದು ಗಂಡಸರ ಕೆಲಸ, ಬಂದದ್ದನ್ನು ಬುಟ್ಟಿಯಲ್ಲಿ ಹೊತ್ತು ಮಾರುವುದು ಹೆಂಗಸರ ಕೆಲಸ. ಅಪ್ಪಯ್ಯ ನನ್ನನ್ನು ಎರಡಕ್ಕೂ ಬಿಡದೆ ಕುಂದಾಪುರದ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರುಗಳು ಇಂಗ್ಲಿಷ್, ಕಸೂತಿ ಮತ್ತು ಬೆನ್ನು ನೆಟ್ಟಗೆ ಮಾಡಿ ಕೂರುವ ಡಿಸಿಪ್ಲಿನ್ ಕಲಿಸಿದರು. ಈಜು ಸಿಲೆಬಸ್ಸಿನಲ್ಲಿ ಇರಲಿಲ್ಲ.

ಅಂಥ ನಾನು ಸ್ಕಾಟ್ಲೆಂಡಿನ ಸಮುದ್ರದ ತಳ ಮುಟ್ಟಿ ಬಂದೆ ಎಂದರೆ ನಾವುಂದದ ಅತ್ತಿಗೆ ಇವತ್ತಿಗೂ ನಂಬುವುದಿಲ್ಲ. “ಫೋಟೋ ಇತ್ತಾ?” ಎನ್ನುತ್ತಾರೆ. ಫೋಟೋ ಇಲ್ಲ. ಯಾಕಿಲ್ಲವೆಂದು ಕೊನೆಯವರೆಗೆ ಓದಿದವರಿಗೆ ತಿಳಿಯುತ್ತದೆ.

ಎಲ್ಲಕ್ಕೂ ಕಾರಣ ಲಿಲ್ಲಿ. ಬ್ರಹ್ಮಾವರದವಳು, ಕಾನ್ವೆಂಟಿನಲ್ಲಿ ನನ್ನದೇ ಬೆಂಚು. ನರ್ಸಾಗಿ ಬ್ರಿಟನ್ನಿಗೆ ಹೋದವಳು ಅಲ್ಲಿಯ ಇಯಾನ್ ಎಂಬವನನ್ನು ಮದುವೆಯಾಗಿ, ಸ್ಕಾಟ್ಲೆಂಡಿನ ಪಶ್ಚಿಮ ಕಡಲ ತೀರದ ಒಂದು ಸಣ್ಣ ಊರಿನಲ್ಲಿ ನೆಲೆನಿಂತಳು. ಊರಿನ ಹೆಸರು ಬರೆಯಬಹುದು, ಆದರೆ ನಲವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೇ ಅದನ್ನು ಉಚ್ಚರಿಸಲು ಬರುವುದಿಲ್ಲ. ಇಯಾನನದು ಡೈವಿಂಗ್ ಶಾಪ್. ನೀರಿನೊಳಗೆ ಮುಳುಗಿ ನೋಡುವ ಹವ್ಯಾಸದವರಿಗೆ ರಬ್ಬರಿನ ಸೂಟು, ಮುಖಕ್ಕೆ ಮಾಸ್ಕು, ಕಾಲಿಗೆ ಬಾತುಕೋಳಿಯ ಪಾದದಂಥದ್ದು ಮಾರುವುದು, ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿಗೆ ಗಾಳಿ ತುಂಬಿಸಿ ಕೊಡುವುದು.

ಒಂದು ದಿನ ಲಿಲ್ಲಿಯ ಫೋನು. “ನಮ್ಮನಿಯೋರ್ ಅಂಗ್ಡಿ ಮುಚ್ತ್ರಂಬ್ರ್ ಹೆಣೆ. ಬೇಸ್ಗಿ ಮುಗ್ದದ್ದೇ ಬಾಗ್ಲ್ ಹಾಕುದ್. ಅದ್ರೊಳ್ಗ್ ಒಂದ್ಸಲ ಬಾ, ಕಂಡ್ಕಂಡ್ ಹೋಯ್ಲಕ್ಕ್.”

ಇಂಗ್ಲಿಷಿನಲ್ಲಿ ಅವಳು ಗಂಡನನ್ನು “ಇಯಾನ್!” ಎಂದು ಬೀದಿಯ ಆ ತುದಿಗೆ ಕೇಳುವ ಹಾಗೆ ಕರೆಯುತ್ತಾಳೆ. ಕುಂದಾಪ್ರ ಕನ್ನಡಕ್ಕೆ ಬಂದ ಕೂಡಲೇ ಅವನು ‘ನಮ್ಮನಿಯೋರ್’ ಆಗಿಬಿಡುತ್ತಾನೆ. ಅವಳ ಕನ್ನಡ ಊರು ಬಿಟ್ಟ ದಿನ ಹೇಗಿತ್ತೋ ಹಾಗೇ ಇದೆ, ಭರಣಿಯಲ್ಲಿ ಹಾಕಿಟ್ಟ ಮಾವಿನಮಿಡಿಯ ಹಾಗೆ. ಊರಲ್ಲಿ ನಮ್ಮ ಮಕ್ಕಳೇ ಮರೆತ ಮಾತುಗಳು ಅವಳ ಬಾಯಲ್ಲಿವೆ.

ಆ ಫೋನು ಇಟ್ಟ ಮೇಲೆ ನನಗೆ ನೆನಪಾದದ್ದು ನನ್ನ ಅಣ್ಣ. ಕುಂದಾಪುರದಲ್ಲಿ ಅವನಿಗೆ ಬಲೆ, ಹಗ್ಗದ ಅಂಗಡಿ ಇತ್ತು. ಅದು ಮುಚ್ಚಿದ ದಿನ ನಾನು ಹೋಗಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವುದಿತ್ತು. ಈ ಅಂಗಡಿಯನ್ನಾದರೂ ತೆರೆದಿರುವಾಗ ನೋಡೋಣ ಎಂದು ಹೊರಟೆ.

ವಿಮಾನ ನಿಲ್ದಾಣದ ನಾಯಿ

ಲಿಲ್ಲಿಗೆಂದು ಕುಚ್ಚಲಕ್ಕಿ, ಒಣಸೀಗಡಿ ಚಟ್ನಿ, ಮತ್ತೆ ಅಣ್ಣ ಯಾವಾಗಲೂ ಅಂಗಡಿಯಲ್ಲಿ ಹಚ್ಚುತ್ತಿದ್ದ ಗಂಧದ ಊದುಬತ್ತಿಯ ದೊಡ್ಡ ಕಟ್ಟು ತೆಗೆದುಕೊಂಡಿದ್ದೆ. ಇಳಿದ ಮೇಲೆ ಒಂದು ನಾಯಿ ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿಕೊಂಡು ಬಂದು ನನ್ನ ಬ್ಯಾಗಿನ ಎದುರು ಭಕ್ತಿಯಿಂದ ಕೂತುಬಿಟ್ಟಿತು. ಏಳಲೊಲ್ಲದು. ನನ್ನ ಹಿಂದೆ ನಿಂತವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಐ ವಾಸ್ ಮಾರ್ಟಿಫೈಡ್.

ಆಫೀಸರಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು, ಚಟ್ನಿಯನ್ನು ಕಸಕ್ಕೆ ಹಾಕಿದರು. ಊದುಬತ್ತಿ ಮೂಸಿ ಮಾತ್ರ “ಲವ್ಲಿ” ಎಂದು ವಾಪಸು ಕೊಟ್ಟರು. ಅವರು ಚಟ್ನಿ ಬಿಟ್ಟು ಊದುಬತ್ತಿ ಹಿಡಿದುಕೊಂಡಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಬಂದರಿನ ಬೀದಿ

ಇಯಾನನ ಅಂಗಡಿ ಬಂದರಿನ ಎದುರಿಗೇ. ಒಳಗೆ ಹೋದರೆ ಹೊಸ ರಬ್ಬರ್ ಚಪ್ಪಲಿಯ ವಾಸನೆ. ಕರಿ ಸೂಟುಗಳು ಸಾಲಾಗಿ ತೂಗಾಡುತ್ತಿದ್ದವು, ತಲೆಯಿಲ್ಲದ ಮನುಷ್ಯರಂತೆ. ಇಯಾನ್ ಎತ್ತರದ ಆಳು, ಬಿಳಿ ಗಡ್ಡ, ಮಾತು ಕಡಿಮೆ. ಆ ಕಡಿಮೆ ಮಾತೂ ಮೊದಲ ಎರಡು ದಿನ ನನಗೆ ಅರ್ಥವಾಗಲಿಲ್ಲ. ಸಿಸ್ಟರುಗಳ ಇಂಗ್ಲಿಷಿಗೂ ಅವನದಕ್ಕೂ ಕುಂದಾಪುರಕ್ಕೂ ಕಲಬುರ್ಗಿಗೂ ಇರುವಷ್ಟು ದೂರ.

“ಇದರಲ್ಲಿರುವುದು ಆಕ್ಸಿಜನ್ ತಾನೆ?” ಎಂದು ಸಿಲಿಂಡರ್ ತೋರಿಸಿ ಕೇಳಿದೆ.

“ಅಲ್ಲ. ನೀವು ಈಗ ಉಸಿರಾಡುತ್ತಿದ್ದೀರಲ್ಲ, ಅದೇ. ಬರೀ ಗಾಳಿ. ಒತ್ತಿ ತುಂಬಿಸಿದ್ದು.”

ನಾನು ಲಿಲ್ಲಿಯ ಕಡೆ ತಿರುಗಿದೆ. “ಗಾಳಿ ಮಾರ್ತ್ರನೆ ನಿಮ್ಮನಿಯೋರ್?”

“ಹೌದ್ ಮಾರಾಯ್ತಿ. ಬ್ರಹ್ಮಾವರದಾಗೆ ಹೇಳ್ರೆ ಯಾರೂ ಹೆಣ್ಣ್ ಕೊಡ್ತಿರ್ಲಿಲ್ಲ.”

ಗಾಳಿ ಮಾರುವುದೆಂದರೆ ತಮಾಷೆಯಲ್ಲವೆಂದು ಆಮೇಲೆ ತಿಳಿಯಿತು. ಹಿಂದಿನ ಕೋಣೆಯಲ್ಲಿ ಒಂದು ಮೆಷಿನ್ ಇದೆ, ಕಂಪ್ರೆಸರ್. ಅದು ಹೊರಗಿನ ಗಾಳಿ ಎಳೆದು, ಸೋಸಿ, ಸಿಲಿಂಡರಿಗೆ ಒತ್ತುತ್ತದೆ. ತುಂಬಿದ ಪ್ರತಿಯೊಂದು ಸಿಲಿಂಡರಿನ ತಿರುಪನ್ನೂ ಇಯಾನ್ ಒಂದಿಷ್ಟು ಬಿಚ್ಚಿ, ಮೂಗು ಹತ್ತಿರ ತಂದು, ಕಣ್ಣು ಮುಚ್ಚಿ ಮೂಸುತ್ತಾನೆ. ಬಂಗುಡೆಯ ಕಿವಿರು ಎತ್ತಿ ನೋಡಿ ಮೂಸುವ ನಮ್ಮ ಹೆಂಗಸರ ಮುಖದಲ್ಲೂ ಅದೇ ಗಾಂಭೀರ್ಯ ಇರುತ್ತದೆ.

ಹಾಗಾದರೆ ಮುಚ್ಚುವುದೇಕೆ? ಎರಡನೆಯ ದಿನವೇ ಕಣ್ಣಾರೆ ಕಂಡೆ. ಒಂದು ಗಂಡ-ಹೆಂಡತಿ ಬಂದರು. ಇಯಾನ್ ಮಂಡಿಯೂರಿ ಕೂತು ಅವರ ಪಾದ ಅಳೆದ, ಮಾಸ್ಕು ಮುಖಕ್ಕೆ ಒತ್ತಿ ನೀರು ಸೋರುತ್ತದೆಯೇ ನೋಡುವುದು ಹೇಗೆಂದು ಕಲಿಸಿದ, ಸೂಟು ತೊಡಿಸಿದ, ಬಿಚ್ಚಿಸಿದ. ಅರ್ಧ ಬೆಳಗ್ಗೆ ಹೋಯಿತು. ಆಮೇಲೆ ಆ ಹೆಂಡತಿ ಸೂಟಿನ ಲೇಬಲ್ಲಿಗೆ ಮೊಬೈಲ್ ಹಿಡಿದು ಫೋಟೋ ತೆಗೆದಳು. “ಥ್ಯಾಂಕ್ ಯೂ ಸೋ ಮಚ್” ಎಂದು ಹೋದರು.

“ಏನೂ ತಗೊಳ್ಳಲಿಲ್ಲವಲ್ಲ?” ಎಂದೆ.

“ತಗೊಂಬ್ರ್,” ಎಂದಳು ಲಿಲ್ಲಿ, ಸೂಟನ್ನು ಮತ್ತೆ ತೂಗುಹಾಕುತ್ತ. “ಮನೆಗ್ ಹೋಯಿ ಕಂಪ್ಯೂಟರಂಗೆ. ಇಲ್ಲಿ ಅಳ್ತಿ, ಅಲ್ಲಿ ಖರೀದಿ.”

ಇನ್ನು ಗಾಳಿಯಾದರೂ ಆನ್‌ಲೈನಿನಲ್ಲಿ ಬರುವುದಿಲ್ಲವಲ್ಲ? ಅದಕ್ಕೆ ಬೇರೆ ದಾರಿಯಾಗಿತ್ತು. ಊರಿನ ಡೈವಿಂಗ್ ಕ್ಲಬ್ಬಿನವರು ಸೇರಿ ತಮ್ಮದೇ ಕಂಪ್ರೆಸರ್ ತಂದಿದ್ದರು. ಸದಸ್ಯರು ಸರದಿಯ ಮೇಲೆ ತಾವೇ ತುಂಬಿಸಿಕೊಳ್ಳುತ್ತಾರೆ. ಇಯಾನನೇ ಡೈವಿಂಗ್ ಕಲಿಸಿದವರು, ಅವನ ಬಾಗಿಲ ಮುಂದೆಯೇ ಖಾಲಿ ಸಿಲಿಂಡರ್ ಹೊತ್ತು ಕ್ಲಬ್ಬಿಗೆ ಹೋಗುತ್ತಾರೆ. ದಾಟುವಾಗ ಎಲ್ಲರೂ ಸಮುದ್ರದ ಕಡೆ ನೋಡುತ್ತಾರೆ.

ನನ್ನ ಅಣ್ಣನದೂ ಇದೇ. ಬೋಟಿನವರು ಅಂಗಡಿಗೆ ಬಂದು ಬಲೆಯ ಕಣ್ಣಿಗೆ ಬೆರಳು ಹಾಕಿ ನೋಡಿ, ಚಾ ಕುಡಿದು, ಮೀನು ಎಲ್ಲಿ ಬಿದ್ದಿದೆ ಎಂದು ಮಾತಾಡಿ, ಬಲೆಯನ್ನು ಮೀನುಗಾರರ ಸೊಸೈಟಿಯಲ್ಲಿ ಕೊಳ್ಳುತ್ತಿದ್ದರು. ಸೊಸೈಟಿಯವರಿಗೆ ಬಲೆ ಕೊಡಲು ಬರುತ್ತಿತ್ತು, ಯಾವ ಮೀನಿಗೆ ಯಾವ ಬಲೆ ಎಂದು ಹೇಳಲು ಬರುತ್ತಿರಲಿಲ್ಲ. ಅಣ್ಣ ಬಂದರೆ ಕೌಂಟರ್ ಅವನಿಗೇ ಬಿಡುವ ಎಂದು ಅವರಲ್ಲೂ ಮಾತಾಗಿತ್ತಂತೆ. ಅವರು ಕರೆಯಲಿ ಎಂದು ಅಣ್ಣ ಕಾದ. ಅವನೇ ಬರಲಿ ಎಂದು ಅವರು ಕಾದರು. ಹಾಗೆ ಕಾಯುತ್ತಲೇ ಎರಡೂ ಮುಚ್ಚಿದವು.

ಬೆಕ್ಕಿನ ಹೆಸರಲ್ಲಿ

ಸಂತೋಷದ ವಿಷಯಕ್ಕೆ ಬರೋಣ. ಅಲ್ಲಿಯ ಮೀನಂಗಡಿ ಆಸ್ಪತ್ರೆಯ ಹಾಗೆ. ಗದ್ದಲವಿಲ್ಲ, ನೊಣವಿಲ್ಲ, ಚೌಕಾಶಿಯಿಲ್ಲ. “ಹ್ವಾಯ್, ಬನ್ನಿ ಅಮ್ಮ, ಈಗ ಬಂದದ್ದ್” ಎನ್ನುವವರಿಲ್ಲ. ಎಲ್ಲರೂ ಸಾಲಿನಲ್ಲಿ, ತುಟಿ ಬಿಚ್ಚದೆ, ಚರ್ಚಿನಲ್ಲಿ ಕಮ್ಯೂನಿಯನ್ನಿನ ಪ್ರಸಾದಕ್ಕೆ ನಿಂತವರಂತೆ. ನನ್ನ ಕಾಲು ತುಳಿದವನು ಸಾರಿ ಎಂದ. ತುಳಿಸಿಕೊಂಡ ನಾನೂ ಸಾರಿ ಎಂದೆ. ಆಮೇಲೆ ಅವನು ಮತ್ತೊಮ್ಮೆ ಎಂದ. ಮೀನಿಗೆ ಮಾತ್ರ ತಲೆಯೇ ಇಲ್ಲ! ತಲೆಯಿಲ್ಲದ ಮೀನಿನ ವಯಸ್ಸು ಕಂಡುಹಿಡಿಯುವುದು ಹೇಗೆ?

ಲಿಲ್ಲಿ ಪಿಸುಗುಟ್ಟಿದಳು, “ಸುಮ್ನಿರ್, ತಲಿ ಬೇರೆ ಕೇಣ್ತೆ.” ಕೇಳಿದಳು. ಮೀನಂಗಡಿಯವನು ಒಂದು ಚೀಲ ತುಂಬ ದೊಡ್ಡ ದೊಡ್ಡ ತಲೆ ಸುಮ್ಮನೆ ಕೊಟ್ಟು, “ಬೆಕ್ಕಿಗೆ ತಾನೆ?” ಎಂದ.

“ಹೌದು, ಎರಡಿವೆ,” ಎಂದಳು ಲಿಲ್ಲಿ, “ಒಂದು ಇಂಡಿಯಾದಿಂದ ಈಗ ತಾನೇ ಬಂದದ್ದು.”

ಆ ಮಧ್ಯಾಹ್ನ ಎರಡು ಬೆಕ್ಕುಗಳೂ ತಲೆಯ ಗಸಿ, ಅಂದರೆ ಗಟ್ಟಿ ಸಾರು, ಮಾಡಿ ಕುಚ್ಚಲಕ್ಕಿ ಅನ್ನದೊಂದಿಗೆ ಬೆರಳು ಚೀಪಿ ಉಂಡವು. ಇಯಾನ್ ಒಂದು ಮೀನಿನ ಕಣ್ಣನ್ನು ನೋಡಿ, ಅದೂ ತನ್ನನ್ನು ನೋಡುತ್ತಿದೆ ಎಂದು ಬ್ರೆಡ್ಡು ತಿಂದ.

ಶನಿವಾರ

ಅದೊಂದು ರಜೆಯ ವಾರಾಂತ್ಯ. ಬಿಸಿಲು. ಕ್ಲಬ್ಬಿನವರು ಬೋಟು ಮಾಡಿಕೊಂಡು ದೂರದ ದ್ವೀಪದ ಹತ್ತಿರ ಮುಳುಗಿದ ಹಳೆಯ ಹಡಗೊಂದನ್ನು ನೋಡಲು ಹೋಗುವವರಿದ್ದರು. ಆದರೆ ಅವರ ಕಂಪ್ರೆಸರ್ ಕೋಣೆಯ ಕೀ ಇರುವ ಸದಸ್ಯ ಕೀಯನ್ನು ಕಿಸೆಯಲ್ಲಿಟ್ಟುಕೊಂಡೇ ಯಾರದೋ ಮದುವೆಗೆ ಹೋಗಿದ್ದ. ಹಾಗಾಗಿ ಎಲ್ಲರೂ ಇಯಾನನ ಅಂಗಡಿಗೇ ಬರಬೇಕಾಯಿತು.

ಲಿಲ್ಲಿ ಬೆಳಿಗ್ಗೆಯೇ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದಳು. “ಸುಮತಿ, ಇವತ್ತ್ ಒಂದ್ ಚಂದ ಆರೆ, ಅವ್ರ್ ವಾಪಸ್ ಬಂದ್ರೂ ಬಂದ್ರೆ. ಕಾಂಬ.”

ಇಂಥ ದಿನ ಅಂಗಡಿಗೆ ಊದುಬತ್ತಿ ಹಚ್ಚದಿದ್ದರೆ ಹೇಗೆ? ಅಣ್ಣ ಮೊದಲ ಗಿರಾಕಿಯ ಬೋಣಿಗೆ ಮುಂಚೆ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಬಾಗಿಲಿಗೆ ಹೊಗೆ ತೋರಿಸದೆ ಒಂದು ಮೊಳ ಹಗ್ಗವನ್ನೂ ಕತ್ತರಿಸಿದವನಲ್ಲ. ಲಿಲ್ಲಿಯನ್ನು ಕೇಳಿದೆ. ಗಡಿಬಿಡಿಯಲ್ಲಿದ್ದ ಅವಳು, “ಒಳ್ಗ್ ಬ್ಯಾಡ ಹೆಣೆ, ಅಲಾರಂ ಹೊಡ್ಕಂತ್. ಹಿಂದ್ ಹಿತ್ಲಂಗೆ ಹಚ್ಚ್,” ಎಂದಳು.

ಹಿತ್ತಲಲ್ಲಿ ಗಾಳಿಯೋ ಗಾಳಿ. ಕಡ್ಡಿ ಗೀರಿದಷ್ಟೂ ಆರಿತು. ಊದುಬತ್ತಿ ಚುಚ್ಚಲು ಬಾಳೆಹಣ್ಣೂ ಇಲ್ಲ. ಅಡುಗೆಮನೆಯ ಆಲೂಗಡ್ಡೆಗೆ ಚುಚ್ಚಿದೆ. ಒಂದೆರಡು ಸಾಲದು, ದೊಡ್ಡ ವ್ಯಾಪಾರದ ದಿನ ಎಂದು ಒಂದು ಹಿಡಿಯಷ್ಟು. ಗೋಡೆಯ ಮೂಲೆಯಲ್ಲಿ, ಕೊಡೆಯ ಹಿಡಿಕೆಯಂತೆ ಬಾಗಿದ ಪೈಪೊಂದು ಹೊರಬಂದಿತ್ತು. ಅದರ ಕೆಳಗೆ ಗಾಳಿ ತಾಗುತ್ತಿರಲಿಲ್ಲ. ಅಲ್ಲಿಟ್ಟೆ. ಎಷ್ಟು ಚೆನ್ನಾಗಿ ಉರಿಯಿತು! ಹೊಗೆ ಸ್ವಲ್ಪವೂ ಚೆದುರದೆ ನೆಟ್ಟಗೆ ಮೇಲೇರಿ ಪೈಪಿನೊಳಗೆ ಹೋಗುತ್ತಿತ್ತು. ದೇವರು ಸ್ವೀಕರಿಸಿದ ಎಂದು ಕೈಮುಗಿದು ಒಳಗೆ ಬಂದೆ.

ಓದುಗರಿಗೆ ಆಗಲೇ ತಿಳಿದಿರಬೇಕು. ಕಂಪ್ರೆಸರ್ ಗಾಳಿ ಎಳೆಯುವ ಪೈಪು ಅದೇ.

ಮೆಷಿನ್ ನಮ್ಮ ಅಕ್ಕಿಗಿರಣಿಯಂತೆ ದಡಬಡ ಎನ್ನುತ್ತಿತ್ತು. ಕ್ಲಬ್ಬಿನವರು ಅಂಗಡಿ ತುಂಬ. ಯಾರೋ ಕೈಗವಸು ಕೊಂಡರು, ಯಾರೋ ಹಳೆಯ ಜೋಕು ಹೇಳಿದರು. ಕ್ಲಬ್ಬಿನ ಸೆಕ್ರೆಟರಿ ಮಾರ್ಗರೆಟ್ ಎಂಬ ಕೆಂಪುಮುಖದ ಹೆಂಗಸು ಗಡಿಯಾರ ನೋಡುತ್ತ, “ಸಮುದ್ರದ ಇಳಿತಕ್ಕೆ ಮುಂಚೆ ಬೋಟು ಬಿಡಬೇಕು, ಇಯಾನ್,” ಎನ್ನುತ್ತಿದ್ದಳು. ತುಂಬಿದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಇಯಾನ್ ಒಂದನ್ನು ಬಿಚ್ಚಿ ಮೂಸಿದ. ನಿಂತ. ಇನ್ನೊಂದನ್ನು ಮೂಸಿದ. ಮೆಷಿನ್ ಆಫ್ ಮಾಡಿದ.

ಆ ಮೌನದಲ್ಲಿ ಅವನು ಹೇಳಿದ, “ಸ್ಯಾಂಡಲ್‌ವುಡ್.”

ಲಿಲ್ಲಿ ನನ್ನನ್ನು ನೋಡಿದಳು. “ಹೆಣೆ, ಎಲ್ಲ್ ಹಚ್ದೆ?”

“ಪೈಪಿನ್ ಅಡಿಗೆ,” ಎಂದೆ. ಹೇಳುವಾಗಲೇ ಗೊತ್ತಾಯಿತು.

ಮಾರ್ಗರೆಟ್ ಒಂದು ಸಿಲಿಂಡರ್ ಮೂಸಿ ನಕ್ಕಳು. “ಒಳ್ಳೆಯ ಪರಿಮಳವೇ ಇದೆಯಲ್ಲ. ಕೊಡು ಇಯಾನ್, ಹೊತ್ತಾಯಿತು. ಒಂದು ಪರಿಮಳಕ್ಕೆ ಯಾರೂ ಸಾಯುವುದಿಲ್ಲ.”

“ಪರಿಮಳವಲ್ಲ, ಹೊಗೆ,” ಎಂದ ಇಯಾನ್. “ಇಲ್ಲಿ ಚಿಟಿಕೆಯಷ್ಟಿರುವುದು ನೀರಿನ ಕೆಳಗೆ, ಆ ಒತ್ತಡದಲ್ಲಿ, ಮುಷ್ಟಿಯಷ್ಟಾಗುತ್ತದೆ. ನನ್ನ ಅಂಗಡಿಯಿಂದ ಇದು ಹೋಗುವುದಿಲ್ಲ.”

“ಬೋಟು ತಪ್ಪುತ್ತದೆ.”

“ತಪ್ಪಲಿ.”

ಸಿಲಿಂಡರುಗಳನ್ನೆಲ್ಲ ಹಿತ್ತಲಿಗೆ ಎಳೆದು ಒಂದೊಂದೇ ತಿರುಪು ಬಿಚ್ಚಿದ. ನೂರು ನಾಗರಹಾವು ಒಟ್ಟಿಗೆ ಬುಸುಗುಟ್ಟಿದಂತೆ ಸದ್ದು. ಆ ಸ್ಕಾಟ್ಲೆಂಡಿನ ಬಂದರಿನ ಬೀದಿಗೆ ಬೀದಿಯೇ ನನ್ನ ಅಣ್ಣನ ಅಂಗಡಿಯ ಬೆಳಗಿನ ವಾಸನೆ ಹೊಡೆಯಿತು. ನಾಚಿಕೆಯಿಂದ ನೆಲಕ್ಕಿಳಿದು ಹೋಗಬೇಕಿದ್ದ ಹೊತ್ತಿನಲ್ಲಿ, ಏನು ಹೇಳಲಿ, ನನಗೆ ಅಣ್ಣ ಬಾಗಿಲಲ್ಲಿ ನಿಂತ ಹಾಗೆ ಅನ್ನಿಸಿ ಕಣ್ಣು ತುಂಬಿತು.

ಸೋಸುವ ಫಿಲ್ಟರ್ ಬದಲಿಸಿ, ಮೊದಲಿನಿಂದ ತುಂಬಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೋಟು ಹೋಗಲಿಲ್ಲ. ಕ್ಲಬ್ಬಿನವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಈ ಸಲ ಯಾರೂ ಸಾರಿ ಎನ್ನಲಿಲ್ಲ.

ನಾನು ಆಲೂಗಡ್ಡೆ ಹಿಡಿದು ಇಯಾನನ ಎದುರು ನಿಂತೆ. ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಮುಂದೆಯೂ ಹಾಗೆ ನಿಂತವಳಲ್ಲ.

“ಇದು ಯಾವ ದೇವರಿಗೆ?” ಎಂದು ಕೇಳಿದ.

“ಅಂಗಡಿಗೆ,” ಎಂದೆ. “ಮುಚ್ಚದಿರಲಿ ಎಂದು.”

ಅವನು ಆಲೂಗಡ್ಡೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಬೈಯುತ್ತಾನೆಂದು ಕಾದೆ. ಕೌಂಟರಿನ ಮೇಲೆ, ಮಾಸ್ಕುಗಳ ಪಕ್ಕದಲ್ಲಿ ಇಟ್ಟ.

ರಾತ್ರಿ ಊಟಕ್ಕೆ ಕೂತಾಗ ಲಿಲ್ಲಿ ಮಾತ್ರ ಒಂದು ಮಾತು ಹೇಳಿದಳು: “ನಾಯಿಗ್ ಗೊತ್ತಿತ್ತ್ ಕಾಣ್. ಅದ್ಕೇ ನಿನ್ ಬ್ಯಾಗಿನೆದ್ರ್ ಕೂತದ್ದ್.” ಹೇಳಿ ನಕ್ಕಳು. ನಗುತ್ತ ನಗುತ್ತ ಅವಳ ಲಿಪ್‌ಸ್ಟಿಕ್ಕೆಲ್ಲ ಕೈವಸ್ತ್ರಕ್ಕೆ ಹತ್ತಿತು.

ಭಾನುವಾರ, ಚರ್ಚು ಬಿಟ್ಟ ಮೇಲೆ

ಬಾಗಿಲು ತಟ್ಟಿದ್ದು ಮಾರ್ಗರೆಟ್. ಕೀ ಇದ್ದವನು ಮದುವೆಯಿಂದ ಬಂದಿದ್ದನಂತೆ. ಕ್ಲಬ್ಬಿನಲ್ಲಿ ತುಂಬಿಸಿದ ಒಂದು ಸಿಲಿಂಡರನ್ನು ತೋಳಲ್ಲಿ ಕೂಸಿನಂತೆ ಎತ್ತಿಕೊಂಡು ಬಂದಿದ್ದಳು.

“ಇದನ್ನು ಸ್ವಲ್ಪ ಮೂಸುತ್ತೀಯಾ?”

ಇಯಾನ್ ಮೂಸಿದ. ತಿರುಪು ಬಿಗಿದು, ಮತ್ತೆ ಬಿಚ್ಚಿ ಇನ್ನೊಮ್ಮೆ ಮೂಸಿದ. ಆಮೇಲೆ, “ನಿನ್ನೆ ಸಂಜೆ ಏನಾದರೂ ಕರಿದಿರಾ?” ಎಂದ.

“ನನಗೂ ಎಣ್ಣೆ ಅಂತಲೇ ಅನ್ನಿಸಿತು,” ಎಂದಳು ಮಾರ್ಗರೆಟ್, ಕುರ್ಚಿಯಲ್ಲಿ ಕೂತು. “ನಮ್ಮಲ್ಲಿ ಯಾರೂ ಮೂಸುವುದಿಲ್ಲ, ಇಯಾನ್. ಇವತ್ತು ಇವನ ಸರದಿ, ನಾಳೆ ಅವನದು. ಫಿಲ್ಟರ್ ಯಾರು ಯಾವಾಗ ಬದಲಿಸಿದ್ದೋ. ನಿನ್ನೆ ನೀನು ಅಷ್ಟೂ ಗಾಳಿ ಹೊರಗೆ ಬಿಟ್ಟದ್ದು ನೋಡಿ ಸಿಟ್ಟು ಬಂತು. ಇವತ್ತು ಪ್ರಾರ್ಥನೆಗೆ ಕೂತಾಗ ಹೆದರಿಕೆ ಬಂತು.”

ಆಮೇಲೆ ನಡೆದದ್ದು ನಾನು ಕಂಡ ಅತ್ಯಂತ ಸಭ್ಯವಾದ ಜಗ್ಗಾಟ. ಕ್ಲಬ್ಬಿನ ಮೆಷಿನ್ನನ್ನು ಯಾರಾದರೂ ನೋಡಿಕೊಂಡರೆ ಬಹುಶಃ ಒಳ್ಳೆಯದಿತ್ತು ಎಂದು ಅವಳು. ಹೌದು, ಯಾರಾದರೂ ಸಿಗಬಹುದು ಎಂದು ಇವನು. ತೊಂದರೆ ಕೊಡಲು ಮನಸ್ಸಿಲ್ಲ ಎಂದು ಅವಳು. ತೊಂದರೆಯ ಮಾತಲ್ಲ ಎಂದು ಇವನು. ಇಬ್ಬರೂ ಕಿಟಕಿಯಾಚೆ ಸಮುದ್ರ ನೋಡಿದರು. ಮಾರ್ಗರೆಟ್ ಕೋಟು ಹಾಕಿಕೊಳ್ಳಲು ಎದ್ದಳು!

ಅಣ್ಣ ಮತ್ತು ಸೊಸೈಟಿಯವರು ಹೀಗೇ ಅಲ್ಲವೇ ಕೂತಿದ್ದು? ನಾನು ಅತಿಥಿ, ಬಾಯಿ ಹಾಕಬಾರದು ಎಂದು ಕಾನ್ವೆಂಟ್ ಹೇಳಿತು. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ನನ್ನ ಅಜ್ಜಿ ಒಳಗಿನಿಂದ ಬೇರೆಯೇ ಹೇಳಿದಳು. ಎದ್ದು ಬಾಗಿಲಿಗೆ ಅಡ್ಡ ನಿಂತೆ.

“ಎಕ್ಸ್‌ಕ್ಯೂಸ್ ಮಿ. ನಮ್ಮೂರಲ್ಲಿ ಗಿರಾಕಿ ಮೂರು ಹೆಜ್ಜೆ ಹೋದ ಮೇಲೆ ಮೀನಿನವಳು ವಾಪಸು ಕರೆಯುತ್ತಾಳೆ. ಅದರಲ್ಲಿ ನಾಚಿಕೆ ಇಲ್ಲ. ಮಾರ್ಗರೆಟ್ ಕೇಳಿದ್ದಾಳೆ, ಇಯಾನ್. ನಿಮಗೆ ಕೇಳಿಸಲಿಲ್ಲವೇ? ಕ್ಲಬ್ಬಿನ ಗಾಳಿ ನೀವೇ ತುಂಬಿಸಿ ಎಂದು. ಈಗ ನೀವು ಹೌದು ಎನ್ನಿ, ಇಲ್ಲ ಎನ್ನಿ. ಸಮುದ್ರ ನೋಡಬೇಡಿ.”

ಲಿಲ್ಲಿ ಬಾಯಿಗೆ ಸೆರಗು ಹಿಡಿಯಲು ಹೋಗಿ, ಸೆರಗಿಲ್ಲದೆ ಸ್ವೆಟರನ್ನೇ ಎತ್ತಿಕೊಂಡಳು.

ಇಯಾನ್ ಕೆಂಪಾದ. “ಅಯ್,” ಎಂದ. ಅಲ್ಲಿ ಹಾಗೆಂದರೆ ಹೌದು. ಮಾರ್ಗರೆಟ್ ಕೋಟು ಬಿಚ್ಚಿ ಮತ್ತೆ ಕೂತಳು. ನಾನು ಚಾ ಇಟ್ಟೆ.

ಎಲ್ಲ ಉಳಿಯಿತೆಂದಲ್ಲ. ಅಂಗಡಿಯ ಮುಂಭಾಗವನ್ನು ಉಣ್ಣೆ ಮಾರುವ ಹೆಂಗಸಿಗೆ ಬಾಡಿಗೆಗೆ ಕೊಡುವುದೆಂದಾಯಿತು. ತೂಗಾಡುವ ಸೂಟುಗಳ ಕಾಲ ಮುಗಿಯಿತು, ಅವನ್ನು ಜನ ಕಂಪ್ಯೂಟರಿನಲ್ಲೇ ಕೊಳ್ಳಲಿ. ಹಿಂಭಾಗ ಮಾತ್ರ ಇಯಾನನದು. ಗಾಳಿ, ರಿಪೇರಿ, ಪಾಠ. ಕ್ಲಬ್ಬಿನ ಮೆಷಿನ್ನೂ ಅಲ್ಲಿಗೇ ಬರುತ್ತದೆ. ಊದುಬತ್ತಿಯನ್ನು ಲಿಲ್ಲಿ ಬೋಟು ಕಟ್ಟುವ ಜೆಟ್ಟಿಯ ಕೊನೆಯ ಕಂಬದ ಹತ್ತಿರ ಹಚ್ಚಬಹುದು, ಇಯಾನ್ ಬೆರಳು ಒದ್ದೆ ಮಾಡಿ ಎತ್ತಿ ಗಾಳಿಯ ದಿಕ್ಕು ನೋಡಿ ಹೇಳಿದ ಮೇಲೆ.

ನೀರಿನೊಳಗೆ

ಹೊರಡುವ ಮುಂಚಿನ ದಿನ ಇಯಾನ್, “ಮಿಸ್ ಸುಮತಿ, ನನ್ನ ಗಾಳಿಗೆ ವಾಸನೆ ಹಾಕಿದ್ದೀರಿ. ಒಮ್ಮೆ ರುಚಿಯನ್ನೂ ನೋಡಿ,” ಎಂದ. ಬೇಡ ಎನ್ನುವುದರೊಳಗೆ ಲಿಲ್ಲಿ ಬಿ.ಪಿ. ನೋಡುವ ಪಟ್ಟಿ ತೋಳಿಗೆ ಸುತ್ತಿಯಾಗಿತ್ತು.

ಸೂಟಿಗೆ ನನ್ನನ್ನು ಇಳಿಸಿದ್ದು ಒಂದು ಪ್ರಹಸನ. ಹಲಸಿನ ಎಲೆಯ ಕೊಟ್ಟೆಗೆ ಹಿಟ್ಟು ಹೊಯ್ದ ಮೇಲೆ ಕಡುಬು ಉಬ್ಬುತ್ತದಲ್ಲ, ನಾನು ಮೊದಲೇ ಉಬ್ಬಿದ ಕಡುಬು. ಕೊಟ್ಟೆಯನ್ನು ಆಮೇಲೆ ತೊಡಿಸುವುದು. ಲಿಲ್ಲಿ ಮಂಡಿ ಕೊಟ್ಟು ಎಳೆದಳು. “ಹೊಟ್ಟಿ ಒಳ್ಗ್ ಎಳ್ಕೊ! ತಲಿ ಗಸಿ ತಿಂಬತಿಗೆ ಗೊತ್ತಾಯ್ಲಿಲ್ಯಾ?” ಕನ್ನಡಿ ನೋಡಿದೆ. ಆ ರೂಪದ ಫೋಟೋ ನಾವುಂದಕ್ಕೆ ತಲುಪಬಾರದೆಂದು ಲಿಲ್ಲಿಯ ಕ್ಯಾಮೆರಾವನ್ನು ನಾನೇ ಅಲಮಾರಿನಲ್ಲಿಟ್ಟು ಬೀಗ ಹಾಕಿದೆ.

ಜೆಟ್ಟಿಯ ಪಕ್ಕದ ಅಲೆಯಿಲ್ಲದ ಮೂಲೆ. ಇಯಾನ್ ನನ್ನ ಎರಡೂ ಕೈ ಹಿಡಿದಿದ್ದ. ಸೊಂಟದವರೆಗೆ, ಎದೆಯವರೆಗೆ. ತಣ್ಣೀರು ಕುತ್ತಿಗೆಯಿಂದ ಒಳಗಿಳಿದಾಗ ಕನ್ನಡದಲ್ಲಿ ಕಿರುಚಿದೆ. ಬಾಯಿಗೆ ರಬ್ಬರಿನ ತುಂಡು ಇಟ್ಟ. ತಲೆ ಕೆಳಗೆ ಹೋಯಿತು.

ಉಸಿರು ಬಿಗಿಹಿಡಿದೆ. ಅಷ್ಟು ವರ್ಷದ ಅಭ್ಯಾಸ. ನೀರೆಂದರೆ ಹೊರಗೆ ನಿಂತು ನೋಡುವುದು. ಇಯಾನ್ ತನ್ನ ಎದೆ ತೋರಿಸಿ ನಿಧಾನವಾಗಿ ಉಸಿರೆಳೆದು ತೋರಿಸಿದ, ಮಗುವಿಗೆ ಅನ್ನ ತಿನ್ನಿಸುವಾಗ ನಾವೇ ಬಾಯಿ ತೆರೆಯುವ ಹಾಗೆ. ನಾನೂ ಎಳೆದೆ.

ಗಾಳಿ ಬಂತು. ತಣ್ಣನೆಯ, ಒಣ, ಸಲೀಸಾದ ಗಾಳಿ. ಅದಕ್ಕೆ ಗಂಧವಿರಲಿಲ್ಲ, ಎಣ್ಣೆಯಿರಲಿಲ್ಲ, ರಬ್ಬರಿರಲಿಲ್ಲ, ಸಮುದ್ರವೂ ಇರಲಿಲ್ಲ. ಎಂತದೂ ಇರಲಿಲ್ಲ. ಇಷ್ಟು ದಿನ ಆ ಮನುಷ್ಯ ಕಣ್ಣು ಮುಚ್ಚಿ ಮೂಸಿ ಹುಡುಕುತ್ತಿದ್ದದ್ದು ಇದನ್ನು. ಆ ಗಾಳಿಯ ಬಲದ ಮೇಲೆ ನಾನು, ಮರವಂತೆಯ ಸುಮತಿ, ಸಮುದ್ರದ ಒಳಗೆ ಮಂಡಿಯೂರಿ ಕೂತಿದ್ದೆ. ಎದುರಿಗೆ ಒಂದು ಏಡಿ ಬಂದು ನನ್ನನ್ನು ನೋಡಿ ಅಡ್ಡಡ್ಡವಾಗಿ ಹೋಯಿತು. ನಮ್ಮೂರಿನದರ ಹಾಗೆಯೇ. ನನ್ನ ಅಪ್ಪಯ್ಯ, ಅವರ ಅಪ್ಪ, ಮೇಲಿನಿಂದ ಬಲೆ ಬೀಸಿ ಬೀಸಿ ಒಮ್ಮೆಯೂ ನೋಡದ ಅಂಗಳ. ಬಿಸಿಲು ಅಲ್ಲಿಗೂ ಇಳಿದಿತ್ತು. ಮರಳಿನ ಮೇಲೆ ಅಂಗೈ ಊರಿದೆ.

ಮೇಲೆ ಬಂದಾಗ ಲಿಲ್ಲಿ ಜೆಟ್ಟಿಯ ತುದಿಯಲ್ಲಿ ಬಗ್ಗಿ ನಿಂತಿದ್ದಳು. “ಹ್ವಾಯ್! ಹ್ಯಾಂಗಿತ್ತೆ?”

ಬಾಯಿಂದ ರಬ್ಬರು ಕಿತ್ತು ಕೂಗಿದೆ, “ಎಂತದೂ ವಾಸ್ನಿ ಇಲ್ಲೆ ಮಾರಾಯ್ತಿ! ಎಂತದೂ ಇಲ್ಲೆ!”

ಇಯಾನ್ ಅವಳತ್ತ ನೋಡಿದ. ಲಿಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅವನು ಮಾಸ್ಕನ್ನು ಹಣೆಗೇರಿಸಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತೇ, ರಾಣಿಗೆ ಬಾಗುವ ಹಾಗೆ ನನಗೆ ಬಾಗಿದ.